ಸತ್ಯಾಂಶ: ಕಾಪಿರೈಟ್ ಗುರುತಿಲ್ಲದ ಫೋಟೋ ಎಲ್ಲರಿಗೂ ಫ್ರೀನಾ?

"ಕಾಪಿರೈಟ್ ಗುರುತಿಲ್ಲದ ಫೋಟೋ, ಬರಹ, ಹಾಡನ್ನು ಯಾರು ಬೇಕಾದರೂ ಬಳಸಬಹುದು." ಹೀಗೊಂದು ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಸುತ್ತುತ್ತಿರುತ್ತದೆ. ಇದು ತಪ್ಪು.

ಕಾಪಿರೈಟ್ ಬಗ್ಗೆ ದೇಶಗಳು ಮಾಡಿಕೊಂಡ 1886ರ ಬರ್ನ್ ಒಪ್ಪಂದದಲ್ಲಿ ಇಂದು ಬಹುತೇಕ ಎಲ್ಲ ದೇಶಗಳೂ ಇವೆ. ಅದರ ಪ್ರಕಾರ ಹಕ್ಕು ಸಿಗಲು ನೋಂದಣಿಯೂ ಬೇಡ, ಗುರುತೂ ಬೇಡ. ಫೋಟೋ ತೆಗೆದ ಕೂಡಲೇ ಹಕ್ಕು ಹುಟ್ಟುತ್ತದೆ. ಈ ಗೊಂದಲ ಸುಮ್ನೆ ಬಂದಿದ್ದಲ್ಲ. ಅಮೆರಿಕ ಈ ಒಪ್ಪಂದಕ್ಕೆ ಸೇರಿದ್ದೇ 1989ರಲ್ಲಿ. ಅದಕ್ಕೂ ಮೊದಲು ಅಲ್ಲಿ ಪ್ರಕಟವಾಗುವ ಕೃತಿಗೆ ಗುರುತು ಹಾಕಬೇಕಿತ್ತು.

ಹಾಗಂತ ಏನನ್ನೂ ಹಂಚಿಕೊಳ್ಳುವಂತಿಲ್ಲ ಅಂತಲ್ಲ. ಮನಸ್ಸು ಬಿಚ್ಚಿ ಹಂಚುವವರು ತುಂಬಾ ಜನ ಇದ್ದಾರೆ. ಅವರಿಗಾಗಿಯೇ 2002ರಲ್ಲಿ ಕ್ರಿಯೇಟಿವ್ ಕಾಮನ್ಸ್ (ಸಿಸಿ) ಪರವಾನಗಿಗಳು ಬಂದವು. ತಮ್ಮ ಕೃತಿಯನ್ನು ಯಾವ ಷರತ್ತಿನಲ್ಲಿ ಬಳಸಬಹುದು ಎಂದು ಮೊದಲೇ ಹೇಳಿಬಿಡುವ ಅನುಮತಿ ಇದು. ಇಂಥ ಫೋಟೋಗಳ ತಾಣವಾದ ವಿಕಿಮೀಡಿಯ ಕಾಮನ್ಸ್‌ನಲ್ಲಿ ಯಾವುದಾದರೂ ಫೋಟೋ ತೆರೆದು ಕೆಳಗೆ ನೋಡಿ. ತೆಗೆದವರು ಯಾರು, ಷರತ್ತು ಏನು ಎಂದು ಬರೆದಿರುತ್ತದೆ. 'ಸಿಸಿ ಬೈ' ಎಂದಿದ್ದರೆ ಅವರ ಹೆಸರು ಹಾಕಿ, ಪರವಾನಗಿಯ ಕೊಂಡಿ ಕೊಟ್ಟು, ಏನಾದರೂ ಬದಲಿಸಿದ್ದರೆ ಅದನ್ನೂ ತಿಳಿಸಿ ಬಳಸಬಹುದು. ಮಾರಾಟಕ್ಕೂ ಅಡ್ಡಿಯಿಲ್ಲ. 'ಎಸ್‌ಎ' ಸೇರಿದ್ದರೆ ನೀವು ಬದಲಿಸಿದ ಕೃತಿಯನ್ನೂ ಅದೇ ಷರತ್ತಿನಲ್ಲಿ ಹಂಚಬೇಕು. 'ಎನ್‌ಸಿ' ಇದ್ದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. 'ಸಿಸಿ ಝೀರೋ' ಇದ್ದರೆ ಯಾವ ಷರತ್ತೂ ಇಲ್ಲ.

ಇನ್ನೊಂದು ಮಾತು. 'ಕೃಪೆ: ಗೂಗಲ್' ಅಂತ ಹಾಕಿದರೆ ಸಾಲದು. ಗೂಗಲ್ ಹುಡುಕಿಕೊಟ್ಟಿದೆ ಅಷ್ಟೇ, ಫೋಟೋ ತೆಗೆದವರು ಬೇರೆ ಯಾರೋ ಅಲ್ವಾ? ಆ ಹೆಸರು ಹುಡುಕಿ ಹಾಕಿ. ಪರವಾನಗಿ ಕಾಣದಿದ್ದರೆ ಅವರನ್ನೇ ಕೇಳಿ.