ಮೋರಿ ಕಟ್ಟುವಾಗ ಮುಂಗುಸಿಯನ್ನೂ ನೆನೆಯಿರಿ

ಬಂಡೀಪುರದ ರಾತ್ರಿ ಸಂಚಾರ ನಿಷೇಧವನ್ನು ತೆಗೆಯಬೇಕು ಎಂಬ ಕೂಗು ಎದ್ದಾಗಲೆಲ್ಲ ಬೆಂಗಳೂರಿನ ನನ್ನ ಗೆಳೆಯರಲ್ಲಿ ಅರ್ಧದಷ್ಟು ಮಂದಿ ಒಂದೇ ಪರಿಹಾರ ಸೂಚಿಸುತ್ತಾರೆ: ಮೇಲ್ಸೇತುವೆ ಕಟ್ಟಿಬಿಡಲಿ, ಮೇಲೆ ನಾವು ಹೋಗೋಣ, ಕೆಳಗೆ ಆನೆ ಹೋಗಲಿ. ಏನೇ ತೊಂದರೆ ಬಂದರೂ ಮೇಲ್ಸೇತುವೆಯೇ ಮದ್ದು ಎಂದು ನಂಬಿರುವ ಊರು ನಮ್ಮದು. ಆ ಮದ್ದು ಸಿಲ್ಕ್ ಬೋರ್ಡಿನಲ್ಲಿ ಎಷ್ಟು ಗುಣ ಕೊಟ್ಟಿದೆ ಎಂಬುದನ್ನು ದಿನವೂ ಉಂಡರೂ ನಂಬಿಕೆ ಮಾತ್ರ ಅಲುಗಿಲ್ಲ.

ಬಂಡೀಪುರದ ಮಟ್ಟಿಗೆ ನನ್ನ ಅಭಿಪ್ರಾಯ ಸರಳ. 2009ರಲ್ಲಿ ಬಂದ ನಿಷೇಧ ಅದು. ಮರುವರ್ಷ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟು ಮುಚ್ಚಿರುತ್ತದೆ. ತುರ್ತು ವಾಹನಗಳಿಗೂ ಬೆರಳೆಣಿಕೆಯ ಬಸ್ಸುಗಳಿಗೂ ದಾರಿ ಉಂಟು. ನಾಗರಹೊಳೆಯ ಮಾನಂದವಾಡಿ ರಸ್ತೆಯಲ್ಲಂತೂ ಸಂಜೆ 6ಕ್ಕೇ ಗೇಟು ಬೀಳುತ್ತದೆ. ಇದಕ್ಕಿಂತ ಅಗ್ಗದ ಏರ್ಪಾಡು ಇನ್ನೊಂದಿಲ್ಲ. ಕಂಬದ ಮೇಲೆ ರಸ್ತೆ ಕಟ್ಟಬೇಕೆಂದರೆ ಕಾಡಿನೊಳಗೆ ವರ್ಷಗಟ್ಟಲೆ ಕ್ರೇನು, ಜಲ್ಲಿ ಲಾರಿ, ಡೀಸೆಲ್ ಜನರೇಟರ್, ಕೂಲಿಕಾರರ ಶೆಡ್ಡು ಎಲ್ಲವೂ ಇರಬೇಕಾಗುತ್ತದೆ. ಒಂಬತ್ತು ಗಂಟೆಯ ಮೌನವೇ ಸಾಕಾಗಿರುವ ಪ್ರಾಣಿಗೆ ಈ ಉಪಕಾರ ಬೇಡ.

ಹಾಗೆಂದು ಪ್ರಾಣಿಗಳಿಗಾಗಿ ಕಟ್ಟುವ ದಾಟುದಾರಿಗಳೆಲ್ಲ ದಂಡ ಎನ್ನುವವನು ನಾನಲ್ಲ. ಹೆಬ್ಬಾಳದ ಮೇಲೆ ವಿಮಾನ ನಿಲ್ದಾಣಕ್ಕೂ ಇತ್ತ ಹೊಸೂರಿನ ಕಡೆಗೂ ಹೋಗುತ್ತದಲ್ಲ, ಅದೇ ರಾಷ್ಟ್ರೀಯ ಹೆದ್ದಾರಿ 44 ಉತ್ತರಕ್ಕೆ ಸಾಗಿ ನಾಗಪುರ ದಾಟಿದ ಮೇಲೆ ಪೆಂಚ್ ಹುಲಿ ಕಾಡನ್ನು ಹೊಕ್ಕು ಹೋಗುತ್ತದೆ. ರಸ್ತೆಯನ್ನು ನಾಲ್ಕು ಪಥವಾಗಿ ಅಗಲಿಸುವಾಗ ವರ್ಷಗಳ ಕಾನೂನು ಹೋರಾಟ ನಡೆಯಿತು. ಅದರ ಫಲವಾಗಿ ಮಹಾರಾಷ್ಟ್ರದ ಭಾಗದಲ್ಲಿ ಪ್ರಾಣಿಗಳು ಕೆಳಗಿನಿಂದ ದಾಟಲು ಒಂಬತ್ತು ಕಡೆ ಎಡೆ ಬಿಡಲಾಯಿತು. ಚಿಕ್ಕದು 50 ಮೀಟರ್, ದೊಡ್ಡದು 750 ಮೀಟರ್. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯವರು 2019ರಲ್ಲಿ ಅಲ್ಲಿ ಕ್ಯಾಮೆರಾ ಇಟ್ಟು ನೋಡಿದರು. ಹುಲಿಯೂ ಸೇರಿ 18 ಬಗೆಯ ಕಾಡುಪ್ರಾಣಿಗಳು ಸೇತುವೆಯ ಅಡಿಯಲ್ಲಿ ನಡೆದುಹೋಗಿದ್ದವು. ಅಲ್ಲಿ ರಸ್ತೆ ಅಗಲವಾಗುವುದು ಹೇಗೂ ನಿಶ್ಚಯವಾಗಿತ್ತು, ಆದ್ದರಿಂದ ಅದು ಸರಿಯಾದ ದಾರಿ. ಗೇಟು ಹಾಕಿ ಮುಗಿಸಬಹುದಾದ ಕಡೆ ಕಂಬ ನೆಡುವುದು ಬೇರೆ ಮಾತು.

ಇಂಥ ದಾಟುದಾರಿ ಬರಿಯ ಸೇತುವೆಯಿಂದ ಆಗುವುದೂ ಇಲ್ಲ. ಕೆನಡಾದ ಬ್ಯಾನ್ಫ್ ಉದ್ಯಾನದ ಹೆದ್ದಾರಿಗೆ ಸೇತುವೆಗಳ ಜೊತೆಗೇ ಎರಡೂ ಬದಿ ಎತ್ತರದ ಬೇಲಿ ಹಾಕಿದರು. ಪ್ರಾಣಿ ಬೇಲಿಯ ಗುಂಟ ನಡೆದು ಸೇತುವೆಗೆ ಬಂದು ಸೇರುತ್ತದೆ. ಬೇಲಿ ಇಲ್ಲದ ಸೇತುವೆಯನ್ನು ಅದು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ, ಕಂಡಲ್ಲಿ ದಾಟುತ್ತದೆ. ಸೇತುವೆ ಇಲ್ಲದ ಬೇಲಿಯಾದರೆ ಕಾಡು ಎರಡು ತುಂಡು. ಎರಡೂ ಸೇರಿದ ಮೇಲೆ ಅಲ್ಲಿ ಪ್ರಾಣಿಗಳಿಗೆ ವಾಹನ ಡಿಕ್ಕಿಯಾಗುವುದು ಶೇಕಡಾ 80ಕ್ಕೂ ಹೆಚ್ಚು ಇಳಿಯಿತು. ಗ್ರಿಜ್ಲಿ ಕರಡಿಗಳಿಗೆ ಆ ಸೇತುವೆಯ ಮೇಲೆ ಭರವಸೆ ಬರಲು ಐದು ವರ್ಷದವರೆಗೂ ಹಿಡಿಯಿತಂತೆ. ನಮ್ಮಲ್ಲಾದರೆ ಆರನೇ ತಿಂಗಳಿಗೇ ‘ಪ್ರಾಣಿಗಳು ಬಳಸುತ್ತಿಲ್ಲ, ಹಣ ಪೋಲು’ ಎಂದು ಸುದ್ದಿವಾಹಿನಿಯಲ್ಲಿ ಚರ್ಚೆ ಕೂರಿಸಿರುತ್ತಿದ್ದರು.

ನನಗೆ ಸಿಟ್ಟು ಬರುವುದು ಬೇರೆಯೇ ಕಾರಣಕ್ಕೆ. ಇನ್ನೂರು ಕಿಲೋಮೀಟರ್ ಆಚೆಯ ಕಾಡಿನ ಬಗ್ಗೆ ಇಷ್ಟು ಮಾತನಾಡುವ ನಮಗೆ ನಮ್ಮದೇ ಊರಂಚಿನ ರಸ್ತೆ ಕಾಣುವುದಿಲ್ಲ.

ತುರಹಳ್ಳಿ ಕಾಡಿನ ಆಸುಪಾಸಿನ ರಸ್ತೆಯಲ್ಲಿ ಒಂದು ಸಂಜೆ ಮುಂಗುಸಿಯೊಂದು ದಾಟಲು ಹೊರಟಿತು. ಅರ್ಧ ರಸ್ತೆ ಸರಸರನೆ ಮುಗಿಸಿತು. ನಡುವೆ ಸೊಂಟದೆತ್ತರದ ಕಾಂಕ್ರೀಟ್ ವಿಭಜಕ. ಹಿಂಗಾಲಿನ ಮೇಲೆ ಎದ್ದು ಗೋಡೆಯನ್ನು ಮೂಸಿತು. ಅದರ ಬುಡಕ್ಕೆ ಮೈ ಒತ್ತಿಕೊಂಡು ಒಂದಷ್ಟು ದೂರ ಓಡಿತು, ತಿರುಗಿತು, ಮತ್ತೆ ಓಡಿತು. ಒಂದು ಟೆಂಪೊ ಒಂದು ಮೊಳದ ಅಂತರದಲ್ಲಿ ಹಾದುಹೋದಾಗ ಬಾಲದ ಕೂದಲೆಲ್ಲ ನಿಮಿರಿ ಬಾಟಲಿ ತೊಳೆಯುವ ಬ್ರಷ್ಷಿನಂತಾಗಿತ್ತು. ಕೊನೆಗೆ ಬಂದ ದಾರಿಯಲ್ಲೇ ಹಿಂದಕ್ಕೆ ಓಡಿ ಪೊದೆ ಸೇರಿತು. ಅದರ ಅದೃಷ್ಟ ಚೆನ್ನಾಗಿತ್ತು. ಆ ಗೋಡೆಯ ಬುಡದಲ್ಲಿ ಕೆರೆಹಾವು, ಉಡ, ಪುನುಗು ಬೆಕ್ಕು ಚಪ್ಪಟೆಯಾಗಿ ಬಿದ್ದಿರುವುದನ್ನು ಬೆಳಗಿನ ವಾಕಿಂಗಿಗೆ ಹೋಗುವವರೆಲ್ಲ ನೋಡಿದ್ದಾರೆ, ಮೂಗು ಮುಚ್ಚಿಕೊಂಡು ದಾಟಿದ್ದಾರೆ.

ಇದನ್ನು ನಮ್ಮ ಬಡಾವಣೆಯ ನಿವೃತ್ತ ಎಂಜಿನಿಯರೊಬ್ಬರಿಗೆ ಹೇಳಿದೆ. ‘ವಿಭಜಕ ಹಾಕುವುದು ಎದುರಿನ ಗಾಡಿ ಬಂದು ಗುದ್ದದಿರಲಿ ಎಂದು ಕಣಪ್ಪ, ಮುಂಗುಸಿಯನ್ನು ಯಾರು ಕೇಳುತ್ತಾರೆ?’ ಎಂದು ನಕ್ಕರು. ಸ್ವಲ್ಪ ಹೊತ್ತು ಬಿಟ್ಟು ಅವರೇ, ‘ಬುಡದಲ್ಲಿ ಮಳೆನೀರು ಹರಿಯಲು ಕಿಂಡಿ ಬಿಡುತ್ತೇವಲ್ಲ, ಅದನ್ನೇ ಅಲ್ಲಲ್ಲಿ ಒಂದು ಗೇಣು ದೊಡ್ಡದು ಮಾಡಿದರೆ ಆಯಿತು’ ಎಂದರು. ನನ್ನ ಇಡೀ ವಾದ ಆ ಒಂದು ಗೇಣಿನಲ್ಲಿದೆ.

ಮರದ ಮೇಲೆ ಬದುಕುವ, ದೊಡ್ಡ ಕಣ್ಣಿನ ಪುಟ್ಟ ಪ್ರಾಣಿ ಕಾಡುಪಾಪದ ವಿಷಯವೂ ಹೀಗೆಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಂಥ ಕಡೆ ಇವತ್ತಿಗೂ ಅವು ಇವೆ ಎಂದರೆ ಎಷ್ಟೋ ಜನ ನಂಬುವುದಿಲ್ಲ. ಕೋತಿಯಂತೆ ಅದು ನೆಗೆಯಲಾರದು. ಒಂದು ಕೊಂಬೆಯನ್ನು ಹಿಡಿದುಕೊಂಡೇ ಇನ್ನೊಂದಕ್ಕೆ ಕೈ ಚಾಚಬೇಕು. ರಸ್ತೆಯ ಎರಡೂ ಬದಿಯ ಮರಗಳು ಮೇಲೆ ಕೈ ಕೂಡಿಸಿರುವವರೆಗೆ ಅದಕ್ಕೆ ರಸ್ತೆ ಎಂಬುದೇ ಇರುವುದಿಲ್ಲ. ಅಗಲೀಕರಣಕ್ಕೆಂದು ಒಂದು ಸಾಲು ಮರ ಉರುಳಿಸಿದರೆ ಅದು ನೆಲಕ್ಕಿಳಿಯಬೇಕು, ಇಲ್ಲವೇ ವಿದ್ಯುತ್ ತಂತಿ ಹಿಡಿಯಬೇಕು. ನೆಲದಲ್ಲಿ ನಾಯಿ ಮತ್ತು ಚಕ್ರ, ತಂತಿಯಲ್ಲಿ ಸಾವು. ಮರದಿಂದ ಮರಕ್ಕೆ ದಪ್ಪ ಹಗ್ಗ ಕಟ್ಟುವುದು ಹಲವು ಕಡೆ ಇಂಥ ಪ್ರಾಣಿಗಳಿಗೆ ನೆರವಾಗಿದೆ. ಇದಕ್ಕೆ ಟೆಂಡರ್ ಕರೆಯುವ ಅಗತ್ಯವೂ ಇಲ್ಲ. ಬಹುಶಃ ಅದಕ್ಕೇ ಯಾರಿಗೂ ಆಸಕ್ತಿ ಇಲ್ಲ.

ಮಳೆಗಾಲ ಬಂದರೆ ಮೋರಿಗಳ ಕಥೆ. ಒಣಗಿದ್ದಾಗ ಮೊಲ, ಮುಳ್ಳುಹಂದಿಯಂಥವು ರಸ್ತೆಯಡಿಯ ಮೋರಿಯಲ್ಲಿ ನುಸುಳಿ ಆಚೆ ಹೋಗುತ್ತವೆ. ನೀರು ತುಂಬಿದರೆ ಅಥವಾ ಪ್ಲಾಸ್ಟಿಕ್ ಕಟ್ಟಿಕೊಂಡರೆ ಮೇಲೆ ಹತ್ತಲೇಬೇಕು. ಮೋರಿಯ ಒಂದು ಬದಿಗೆ, ನೀರಿನ ಮಟ್ಟಕ್ಕಿಂತ ಮೇಲೆ, ಒಂದೂವರೆ ಅಡಿ ಅಗಲದ ಜಗಲಿ ಕಟ್ಟಿದರೆ ಮಳೆಯಲ್ಲೂ ಅವು ಕೆಳಗೇ ಹೋಗುತ್ತವೆ. ಹೊರದೇಶಗಳಲ್ಲಿ ಇದು ಹಳೆಯ ರೂಢಿ.

ಗಾಡಿ ಓಡಿಸುವವರಿಗೆ ಎರಡು ಮಾತು, ಹೆಚ್ಚಿಲ್ಲ. ಕಾಡುದಾರಿಯಲ್ಲಿ ಒಂದು ಜಿಂಕೆ ದಾಟಿತೆಂದರೆ ಅದರ ಹಿಂದೆ ಇನ್ನಷ್ಟು ಇರುತ್ತವೆ. ದೀಪ ತಗ್ಗಿಸಿ ಕಾಯಿರಿ, ಕಣ್ಣು ಕುಕ್ಕುವ ಬೆಳಕಿಗೆ ಅವು ನಿಂತಲ್ಲೇ ನಿಂತುಬಿಡುತ್ತವೆ. ನಕ್ಷತ್ರ ಆಮೆ ಸಿಕ್ಕಿದರೆ ಅದು ಮುಖ ಮಾಡಿದ್ದ ದಿಕ್ಕಿಗೇ ದಾಟಿಸಿ, ಅಲ್ಲೇ ಬಿಡಿ. ಅದೃಷ್ಟ ಬರುತ್ತದೆಂದು ಮನೆಗೆ ತಂದರೆ ಬರುವುದು ಅರಣ್ಯ ಇಲಾಖೆಯ ಕೇಸು. ಗಾಯಗೊಂಡ ಪ್ರಾಣಿ ಕಂಡರೆ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಮೊಬೈಲ್ ತೆಗೆದು ಚಿತ್ರೀಕರಿಸುತ್ತಾ ಸುತ್ತುವರಿಯುವುದು ಸಹಾಯವಲ್ಲ.

ಆದರೆ ಚಾಲಕರ ಒಳ್ಳೆಯತನವನ್ನು ನೆಚ್ಚಿಕೊಂಡು ಎಷ್ಟು ಪ್ರಾಣಿ ಉಳಿಸಲಾದೀತು? ಬನ್ನೇರುಘಟ್ಟದಿಂದ ತಮಿಳುನಾಡಿನ ತಳಿ, ಕಾವೇರಿಯ ಕಾಡಿನವರೆಗೆ ಆನೆಗಳು ಓಡಾಡುವ ಸೀಮೆಯಲ್ಲಿ ಬೆಂಗಳೂರಿನ ಸುತ್ತಲಿನ ಪಟ್ಟಣಗಳನ್ನು ಜೋಡಿಸುವ ಸ್ಯಾಟಲೈಟ್ ಟೌನ್ ರಿಂಗ್ ರಸ್ತೆಯ ಚರ್ಚೆ ವರ್ಷಗಳಿಂದ ನಡೆದಿದೆ. ಈ ಊರಿನ ಸುತ್ತ ಇನ್ನೂ ಎಷ್ಟೋ ರಸ್ತೆಗಳು ಬರಲಿವೆ. ಪ್ರತಿಯೊಂದಕ್ಕೂ ಮಳೆನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂಬ ನಕ್ಷೆ ಇದ್ದೇ ಇರುತ್ತದೆ, ಇಲ್ಲದಿದ್ದರೆ ಕೆಲಸ ಮಂಜೂರಾಗುವುದಿಲ್ಲ. ಪ್ರಾಣಿ ಎಲ್ಲಿ ದಾಟುತ್ತದೆ ಎಂಬ ನಕ್ಷೆಯನ್ನೂ ಅದರ ಜೊತೆಗೇ ಲಗತ್ತಿಸಬೇಕೆಂಬ ನಿಯಮ ಬರಲಿ. ಮುಂದಿನ ಸಾರ್ವಜನಿಕ ಅಹವಾಲು ಸಭೆಯಲ್ಲಿ ನಾನು ಇದನ್ನೇ ಕೇಳಲಿದ್ದೇನೆ. ಪರಿಹಾರದ ದರ, ಸರ್ವಿಸ್ ರಸ್ತೆಯ ಅಗಲ ಕೇಳಲು ಬರುವವರು ಇದನ್ನೂ ಒಂದು ಸಾಲು ಬರೆದುಕೊಂಡು ಬನ್ನಿ.