ಒಳಗೆ ಹೋಗಲು ಅರ್ಜಿ ಹಾಕಿ

ಸರ್ಕಾರಕ್ಕೆ ಮಿತವ್ಯಯ ಗೊತ್ತಿಲ್ಲ ಎನ್ನುವವರು ಬೆಂಗಳೂರಿನ ಫ್ರೀಡಂ ಪಾರ್ಕನ್ನು ಒಮ್ಮೆ ಸುತ್ತಿ ಬರಬೇಕು. ಶೇಷಾದ್ರಿ ರಸ್ತೆಯ ಈ ಜಾಗ 1860ರ ದಶಕದಿಂದಲೂ ಸೆಂಟ್ರಲ್ ಜೈಲು. ಆಮೇಲೆ ಕೈದಿಗಳು ಪರಪ್ಪನ ಅಗ್ರಹಾರಕ್ಕೆ ಹೋದರು, 2008ರಲ್ಲಿ ಇದು ಪಾರ್ಕಾಯಿತು. ಕಾವಲು ಗೋಪುರವನ್ನು ಮಾತ್ರ ಕೆಡವಲಿಲ್ಲ. ದೂರದೃಷ್ಟಿ ಎಂದರೆ ಇದು.

1975ರ ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಇದೇ ಗೋಡೆಗಳ ಒಳಗಿದ್ದರು. ಆಗೆಲ್ಲ ಸರ್ಕಾರವನ್ನು ಬೈದವರನ್ನು ಹುಡುಕಬೇಕಿತ್ತು, ವ್ಯಾನಿಗೆ ಹತ್ತಿಸಬೇಕಿತ್ತು, ಹೊತ್ತು ಹೊತ್ತಿಗೆ ಊಟ ಹಾಕಬೇಕಿತ್ತು. ಎಷ್ಟೊಂದು ದಂಡ! ಅವರಿಬ್ಬರು ಮುಂದೆ ಕಟ್ಟಿದ ಪಕ್ಷವೇ ರಾಜ್ಯ ಆಳುತ್ತಿದ್ದ 2021ರಲ್ಲಿ ಪೊಲೀಸರ ಆದೇಶ ಬಂತು: ನಗರದಲ್ಲಿ ಪ್ರತಿಭಟನೆ ಏನಿದ್ದರೂ ಫ್ರೀಡಂ ಪಾರ್ಕಿನಲ್ಲಿ ಮಾತ್ರ. ಈಗ ಬೈಯುವವರೇ ಅರ್ಜಿ ಬರೆದು, ಅನುಮತಿ ಪಡೆದು, ಕೈಯಿಂದ ಬಸ್ ಚಾರ್ಜ್ ಕೊಟ್ಟು ಬಂದು ಒಳಗೆ ಕೂರುತ್ತಾರೆ. ಬುತ್ತಿಯೂ ಅವರದೇ.

ಕಾರಣ ಟ್ರಾಫಿಕ್ಕಂತೆ. ಒಪ್ಪೋಣ. ಅಂದಿನಿಂದ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ವಾಹನಗಳು ಹೊಳೆಯ ಹಾಗೆ ಹರಿಯುತ್ತಿರುವುದನ್ನು ನೀವೂ ನೋಡಿರುತ್ತೀರಿ.

2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬಂದರು. ತಿಂಗಳಿಗೆ 15,000 ರೂಪಾಯಿ ಗೌರವಧನ ಕೊಡಿ ಎಂದು ಗುಲಾಬಿ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು, ಚೀಲವನ್ನೇ ತಲೆದಿಂಬು ಮಾಡಿಕೊಂಡು ಆ ಚಳಿಯಲ್ಲಿ ರಾತ್ರಿ ಕಳೆದರು. ಪಕ್ಕದಲ್ಲೇ ಬಹುಮಹಡಿ ಪಾರ್ಕಿಂಗ್ ಕಟ್ಟಡವಿದೆ. ಕಾರುಗಳು ಸೂರಿನಡಿ ಬೆಚ್ಚಗಿದ್ದವು. ಹಾಗೆಂದು ಈ ಹೆಂಗಸರು ಧಿಕ್ಕಾರ ಕೂಗಿದ್ದು ಸರ್ಕಾರಕ್ಕೆ ಕೇಳಿಸಿತೇ ಎಂದು ಕೇಳಬೇಡಿ. ವಿಧಾನಸೌಧ ಇರುವುದು ದೂರದಲ್ಲಿ, ಅಲ್ಲಿಗೆ ಮೆರವಣಿಗೆ ಹೋಗುವಂತಿಲ್ಲ. ನಡುವೆ ಹಾರ್ನ್‌ಗಳಿವೆ, ಅವಕ್ಕೆ ಅನುಮತಿ ಬೇಕಿಲ್ಲ.

2023ರಲ್ಲಿ ಸರ್ಕಾರ ಬದಲಾಯಿತು, ಗ್ಯಾರಂಟಿಗಳು ಬಂದವು, ಆದೇಶ ಹಾಗೇ ಉಳಿಯಿತು. ಅದು ಹೊರಬಿದ್ದಾಗ ಅಧಿಕಾರದಲ್ಲಿದ್ದವರು ಈಗ ಇಲ್ಲೇ ಶಾಮಿಯಾನ ಹಾಕಿ ಪ್ರಜಾಪ್ರಭುತ್ವದ ಕಗ್ಗೊಲೆ ಎನ್ನುತ್ತಾರೆ. ತುರ್ತು ಪರಿಸ್ಥಿತಿ ಹೇರಿದ ಪಕ್ಷದವರು ಅವರಿಗೆ ಅನುಮತಿ ಕೊಟ್ಟು, ಧ್ವನಿವರ್ಧಕದ ಸದ್ದು ಮಿತಿಯಲ್ಲಿರಲಿ ಎನ್ನುತ್ತಾರೆ. ಮುಂದಿನ ಚುನಾವಣೆಯ ನಂತರ ಶಾಮಿಯಾನದವನಿಗೆ ಬಾವುಟದ ಬಣ್ಣವೊಂದನ್ನು ಬದಲಿಸುವ ಕೆಲಸ ಬಿದ್ದೀತು.