ಕೊನೆಯ ರಾತ್ರಿ ಬರೆದ ಬರ್ನ್‌ಡೌನ್ ಚಾರ್ಟಿಗೆ ಅಂಕ ಯಾಕೆ?

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಫೈನಲ್ ಇಯರ್ ಪ್ರಾಜೆಕ್ಟಿಗೆ ಗೈಡ್ ಆಗಿರುವ ಸರ್, ಮೇಡಂ ಎಲ್ಲರಿಗೂ ಒಂದು ಕಳಕಳಿಯ ಮನವಿ. ರಿಪೋರ್ಟ್ ಬೈಂಡಿಂಗಿಗೆ ಹೋಗುವ ಹಿಂದಿನ ರಾತ್ರಿ ಎಕ್ಸೆಲ್‌ನಲ್ಲಿ ಕೂತು, ಉಳಿದ ಕೆಲಸ ದಿನಾ ಇಳಿಯೋದನ್ನು ತೋರಿಸಲು ಬರೆದ ಬರ್ನ್‌ಡೌನ್ ಚಾರ್ಟಿಗೆ ದಯವಿಟ್ಟು ಅಂಕ ಕೊಡಬೇಡಿ. ಅದನ್ನು ಗುರುತಿಸೋದು ಕಷ್ಟವೇನಲ್ಲ. ಗೆರೆ ಐಡಿಯಲ್ ಲೈನಿಗೆ (ಕೆಲಸ ದಿನಾ ಸಮನಾಗಿ ಮುಗಿದರೆ ಬರುವ ಗೆರೆ) ಅಂಟಿಕೊಂಡೇ ಇಳಿದು ಕೊನೆಯ ದಿನ ಸರಿಯಾಗಿ ಸೊನ್ನೆಗೆ ಬಂದಿರುತ್ತದೆ. ನಿಜವಾಗಿ ಕೆಲಸ ಮಾಡಿದ ಟೀಮಿನ ಗೆರೆ ಅಷ್ಟು ಚೆಂದ ಇರೋದಿಲ್ಲ.

ಈ ಚಾರ್ಟು ದಿನಾ ಕೇಳೋದು ಒಂದೇ: ಇನ್ನೂ ಎಷ್ಟು ಕೆಲಸ ಉಳಿದಿದೆ? ಅಡ್ಡಕ್ಕೆ ಸ್ಪ್ರಿಂಟಿನ (ಒಂದೆರಡು ವಾರದ ಕೆಲಸದ ಸುತ್ತು) ದಿನಗಳು, ಮೇಲಕ್ಕೆ ಉಳಿದ ತಾಸುಗಳು. ಬರೆಯೋದು ಐದು ನಿಮಿಷದ ಕೆಲಸ. ಆದರೆ ಲೆಕ್ಕ ತಪ್ಪೋದು ಸ್ಪ್ರಿಂಟಿನ ಮೊದಲ ದಿನವೇ.

ನಾಲ್ಕು ಜನರ ಟೀಮು ಅಂದುಕೊಳ್ಳಿ. ಕ್ಲಾಸು, ಲ್ಯಾಬು ಮುಗಿಸಿ ದಿನಕ್ಕೆ ತಲಾ ಎರಡು ತಾಸು ಸಿಗುತ್ತದೆ. ಎರಡು ವಾರದ ಸ್ಪ್ರಿಂಟು, ಅಂದರೆ 10 ದಿನ, 80 ತಾಸು ಅಂತ ಬರೆದುಬಿಡುತ್ತಾರೆ. ನಡುವೆ ಮೂರು ದಿನ ಇಂಟರ್ನಲ್ಸ್ ಇದ್ದರೆ ಉಳಿಯೋದು 7 ದಿನ, 56 ತಾಸು. ಕರೆಂಟ್ ಹೋಗೋದು, ಗೈಡ್ ಮೀಟಿಂಗು, ಡೆಮೊ ತಯಾರಿ, ಇವಕ್ಕೆಲ್ಲ ಐದರಲ್ಲಿ ಒಂದು ಪಾಲು ಬಿಟ್ಟರೆ ಕೈಗೆತ್ತಿಕೊಳ್ಳಬೇಕಾದ ಕೆಲಸ 45 ತಾಸಿನಷ್ಟು ಮಾತ್ರ. ಐಡಿಯಲ್ ಲೈನೂ ಈ 7 ದಿನಗಳಲ್ಲಿ ಮಾತ್ರ ಇಳಿಯಬೇಕು, ಪರೀಕ್ಷೆಯ ದಿನಗಳಲ್ಲಿ ಚಪ್ಪಟೆಯಾಗಿರಬೇಕು. ಇಂಟರ್ನಲ್ಸ್ 4, 5, 6ನೇ ದಿನ ಬಂದಿದ್ದರೆ, 10 ದಿನಕ್ಕೆ ಸಮನಾಗಿ ಎಳೆದ ಗೆರೆ 6ನೇ ದಿನದ ಕೊನೆಗೆ 18 ತಾಸು ಉಳಿದಿರಬೇಕು ಅನ್ನುತ್ತದೆ. ನಿಜವಾದ ಲೆಕ್ಕದಲ್ಲಿ ಉಳಿದಿರಬೇಕಾದ್ದು ಸುಮಾರು 26. ಯಾರೂ ತಪ್ಪು ಮಾಡದೆಯೇ ಟೀಮು 8 ತಾಸು ಹಿಂದೆ ಬಿದ್ದಂತೆ ಕಾಣುತ್ತದೆ. ಹುಡುಗರು ಗಾಬರಿಯಾಗಿ ನಂಬರ್ ತಿದ್ದಲು ಶುರು ಮಾಡೋದೇ ಇಲ್ಲಿಂದ.

ಎರಡನೇ ತಪ್ಪು ಇನ್ನೂ ದೊಡ್ಡದು: ಅಂದಾಜಿನಿಂದ ದುಡಿದ ತಾಸು ಕಳೆಯೋದು. ತೊಗರಿ ದರ ತೋರಿಸುವ ಆಪ್ ಅಂತಿಟ್ಟುಕೊಳ್ಳಿ. ಅದರಲ್ಲಿ ಒಟಿಪಿ ಲಾಗಿನ್ನಿಗೆ 6 ತಾಸು ಅಂತ ಅಂದಾಜು ಹಾಕಿದ್ದಾರೆ. ಎರಡು ದಿನದಲ್ಲಿ 5 ತಾಸು ಕೆಲಸ ಆಯಿತು. ಆರರಲ್ಲಿ ಐದು ಹೋದರೆ ಒಂದು ಅಂತ ಬರೆದರೆ ಚಾರ್ಟು ಸುಳ್ಳು ಹೇಳಿದಂತೆ. ಎಸ್‌ಎಂಎಸ್ ಕಳಿಸಲು ಟೆಲಿಕಾಂ ನಿಯಂತ್ರಕ ಟ್ರಾಯ್ ನಿಯಮದಂತೆ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಪೋರ್ಟಲ್‌ನಲ್ಲಿ ಹೆಡರ್ (ಕಳಿಸುವವರ ಹೆಸರು), ಟೆಂಪ್ಲೇಟ್ (ಮೆಸೇಜಿನ ಮಾದರಿ) ಎರಡೂ ನೋಂದಾಯಿಸಬೇಕು. ಒಪ್ಪಿಗೆ ಬರೋ ತನಕ ಮೆಸೇಜ್ ಹೋಗೋದಿಲ್ಲ. ಒಟಿಪಿ ಅವಧಿ ಮೀರಿದರೆ ಏನಾಗಬೇಕು ಅನ್ನೋ ಕೋಡೂ ಬಾಕಿ. ಮಾಡುವವರನ್ನೇ ಕೇಳಬೇಕು: "ಈಗ ಕೂತರೆ ಇನ್ನೆಷ್ಟು ತಾಸು ಬೇಕು?" ಉತ್ತರ 4 ಅಂತ ಬಂದರೆ 4 ಅಂತಲೇ ಬರೆಯಬೇಕು. ಗೆರೆ ಹೆಚ್ಚು ಇಳಿಯೋದಿಲ್ಲ, ಮೂರನೇ ದಿನವೇ ಎಲ್ಲರ ಕಣ್ಣಿಗೆ ಬೀಳುತ್ತದೆ. ಆಗ "ಡೆಮೊಗೆ, ಎಸ್‌ಎಂಎಸ್ ಕಳಿಸದೆ ಲಾಗಿನ್ ಪರೀಕ್ಷಿಸುವ ಫೈರ್‌ಬೇಸ್‌ನ ಟೆಸ್ಟ್ ನಂಬರ್ ಸಾಕು, ಡಿಎಲ್‌ಟಿ ಆಮೇಲೆ ನೋಡೋಣ" ಅನ್ನೋ ತೀರ್ಮಾನಕ್ಕೆ ಇನ್ನೂ ಸಮಯ ಇರುತ್ತದೆ. ನನ್ನ ಮಟ್ಟಿಗೆ ಚಾರ್ಟಿನ ಇಡೀ ಬೆಲೆ ಆ ಒಂದು ತೀರ್ಮಾನದಲ್ಲಿದೆ. ಸ್ಪ್ರಿಂಟ್ ಮುಗಿದ ಮೇಲೆ ಬರೆದರೆ ಇದು ಸಿಗೋದಿಲ್ಲ.

ಶೀಟಿನಲ್ಲೇ ಎಡವಿ ಬೀಳುವಂಥ ಎರಡು ಕಡೆ ಇವೆ. ಒಬ್ಬರು ಇವತ್ತಿನ ಸಂಖ್ಯೆ ತುಂಬದೆ ಸೆಲ್ ಖಾಲಿ ಬಿಟ್ಟರೆ ಸಮ್ ಫಾರ್ಮುಲಾ ಅದನ್ನು ಸೊನ್ನೆ ಅಂತ ಹಿಡಿಯುತ್ತದೆ, ಅವರ ಕೆಲಸವೆಲ್ಲ ಮುಗಿದಂತೆ ಗೆರೆ ಧಡ್ ಅಂತ ಇಳಿಯುತ್ತದೆ. ಕೆಲಸ ಆಗಿಲ್ಲವಾದರೆ ನಿನ್ನೆಯ ಸಂಖ್ಯೆಯನ್ನೇ ಮತ್ತೆ ಬರೆಯಬೇಕು. ಇನ್ನು, ಮುಂದಿನ ದಿನಗಳ ಕಾಲಂಗೂ ಫಾರ್ಮುಲಾ ಎಳೆದಿಟ್ಟರೆ ಗೆರೆ ನಾಳೆಯೇ ಸೊನ್ನೆಗೆ ಹೋಗುತ್ತದೆ. ಕಾಲಂ ಖಾಲಿ ಇದ್ದಾಗ ಎನ್‌ಎ (#N/A) ಬರುವಂತೆ ಇಫ್ ಫಾರ್ಮುಲಾ ಹಾಕಿ, ಗೆರೆ ಇವತ್ತಿಗೇ ನಿಲ್ಲುತ್ತದೆ.

ಗೆರೆ ಮೇಲಕ್ಕೆ ಹೋದರೆ ನಾಚಿಕೆಪಡೋ ಕಾರಣವೇ ಇಲ್ಲ. ನಡುವೆ ಗೈಡ್ ಬಂದು "ಕನ್ನಡದಾಗ ಬಿ ಇರ್ಲಿ" ಅಂದರೆ 8 ತಾಸಿನ ಕೆಲಸ ಸೇರಿತು. ಗೆರೆ ಅಷ್ಟು ಏರಬೇಕು, ಪಕ್ಕದಲ್ಲಿ ದಿನಾಂಕ, ಕಾರಣ ಬರೆದಿರಬೇಕು. ಮೊದಲ ದಿನದ 45 ಅನ್ನೇ 53 ಅಂತ ತಿದ್ದಿಬಿಟ್ಟರೆ ಕೆಲಸ ಹೆಚ್ಚಾದದ್ದಕ್ಕೆ ಸಾಕ್ಷಿಯೇ ಉಳಿಯೋದಿಲ್ಲ. ಹೀಗೆ ಪದೇ ಪದೇ ಕೆಲಸ ಸೇರೋದಾದರೆ ಬರ್ನ್‌ಅಪ್ ಚಾರ್ಟೇ ಒಳ್ಳೆಯದು. ಅದರಲ್ಲಿ ಒಟ್ಟು ಕೆಲಸಕ್ಕೊಂದು, ಮುಗಿದದ್ದಕ್ಕೊಂದು ಗೆರೆ ಬೇರೆ ಬೇರೆ ಇರುತ್ತದೆ.

ತಾಸಿನ ಬದಲು ಸ್ಟೋರಿ (ಬಳಕೆದಾರರಿಗೆ ಬೇಕಾದ ಒಂದು ಸೌಲಭ್ಯದ ಕೆಲಸ) ಒಂದೊಂದಕ್ಕೂ ಗಾತ್ರಕ್ಕೆ ತಕ್ಕ ಅಂಕ ಕೊಡುವ ಸ್ಟೋರಿ ಪಾಯಿಂಟ್‌ನಲ್ಲಿ ಅಳೆಯುವವರಿಗೆ ಬೇರೆ ತೊಂದರೆ. ಸ್ಟೋರಿ ಪೂರ್ತಿ ಮುಗಿಯೋ ತನಕ ಒಂದು ಪಾಯಿಂಟೂ ಇಳಿಯಬಾರದು, ಅರ್ಧಕ್ಕೆ ಅರ್ಧ ಅಂಕ ಇಲ್ಲ. ಹಾಗಾಗಿ ಎಂಟು ದಿನ ಗೆರೆ ಮಲಗಿದ್ದು ಒಂಬತ್ತನೇ ದಿನ ಕಡಿದಾಗಿ ಇಳಿದರೆ, ಒಂದೋ ಸ್ಟೋರಿಗಳು ತೀರ ದೊಡ್ಡವು, ಇಲ್ಲವೇ ಟೆಸ್ಟಿಂಗ್ ಎಲ್ಲ ಕೊನೆಗೆ ಗುಡ್ಡೆಯಾಗಿದೆ. "ಎಲ್ಲಾ ಆಗ್ಯಾದ ಸರ್, ಟೆಸ್ಟಿಂಗ್ ಒಂದೇ ಉಳದಾದ" ಅನ್ನೋ ಮಾತು ಕೇಳಿದರೆ ಮುಗಿದಿಲ್ಲ ಅಂತಲೇ ತಿಳಿಯಿರಿ. ಎರಡು ಮೂರು ದಿನದಲ್ಲಿ ಮುಗಿಯುವಷ್ಟು ಸಣ್ಣ ತುಂಡು ಮಾಡಿದರೆ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಕೆಲಸದ ಕಾರ್ಡುಗಳನ್ನು ಬೋರ್ಡಿನ ಕಾಲಂಗಳಲ್ಲಿಟ್ಟು ತೋರಿಸುವ ಜೀರಾ ಸಾಫ್ಟ್‌ವೇರಿನಲ್ಲಂತೂ ಬೋರ್ಡಿನ ಬಲಗಡೆಯ ಕೊನೆ ಕಾಲಂಗೆ ಬಂದದ್ದನ್ನೇ ಮುಗಿದದ್ದು ಅಂತ ಎಣಿಸುತ್ತದೆ, ಕಾರ್ಡು ಅದರ ಹಿಂದಿನ ಕಾಲಂನಲ್ಲೇ ಕೂತಿದ್ದರೆ ಗೆರೆ ಅಲುಗೋದಿಲ್ಲ.

ಇಲ್ಲಿಂದಲೇ ಬೆಂಗಳೂರಿನ ಕಂಪನಿಗಳಿಗೆ ಕೆಲಸ ಮಾಡುವವರು ಜೀರಾ ಬೋರ್ಡ್ ಸೆಟ್ಟಿಂಗಿನಲ್ಲಿ ವರ್ಕಿಂಗ್ ಡೇಸ್ ನೋಡಿಕೊಳ್ಳಿ. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವಕ್ಕೆ ಅರ್ಧ ಟೀಮು ರಜೆ ಹಾಕಿದ್ದರೂ ಅಲ್ಲಿನ ಕ್ಯಾಲೆಂಡರಿಗೆ ಅದು ಮಾಮೂಲಿ ದಿನ. ಟೀಮಿಗೆ ಪೂರ್ತಿ ರಜೆಯಾದರೆ ಆ ದಿನಾಂಕವನ್ನು ರಜೆ ಪಟ್ಟಿಗೆ ಸೇರಿಸಿ. ಅರ್ಧ ಟೀಮಿಗೆ ಮಾತ್ರವಾದರೆ ಸ್ಪ್ರಿಂಟಿಗೆ ತೆಗೆದುಕೊಳ್ಳುವ ಕೆಲಸವನ್ನೇ ಕಮ್ಮಿ ಮಾಡಿ.

ಸ್ಪ್ರಿಂಟುಗಳಲ್ಲಿ ಕೆಲಸ ಮಾಡುವ ಸ್ಕ್ರಮ್ ಪದ್ಧತಿಗೆ ಬರ್ನ್‌ಡೌನ್ ಕಡ್ಡಾಯ ಅಂತ ಇನ್ನೂ ಹಲವರು ನಂಬಿದ್ದಾರೆ. 2011ರ ಸ್ಕ್ರಮ್ ಗೈಡ್ ಅನ್ನೋ ಕೈಪಿಡಿಯಲ್ಲೇ ಆ ಕಡ್ಡಾಯ ಹೋಯಿತು. 2020ರ ಆವೃತ್ತಿ ಅದನ್ನು ಮುನ್ಸೂಚನೆಯ ಹಲವು ವಿಧಾನಗಳಲ್ಲಿ ಒಂದಾಗಿ ಮಾತ್ರ ಹೆಸರಿಸುತ್ತದೆ. ಬೇಡವಾದ ಟೀಮು ಬಿಡಲಿ, ರಿಪೋರ್ಟಿನಲ್ಲಿ ಒಂದು ಪುಟ ಕಮ್ಮಿಯಾದರೆ ನಷ್ಟವಿಲ್ಲ. ಹಾಕಿದವರನ್ನು ಮಾತ್ರ ವೈವಾದಲ್ಲಿ ಗೆರೆ ನಿಂತ ದಿನದ ಮೇಲೆ ಬೆರಳಿಟ್ಟು, ಅವತ್ತು ಏನು ತೀರ್ಮಾನ ತಗೊಂಡಿರಿ ಅಂತ ಕೇಳಿ. ಗೂಗಲ್ ಶೀಟ್ಸ್ ಆದರೆ ಫೈಲ್ ಮೆನುವಿನಲ್ಲಿ ವರ್ಷನ್ ಹಿಸ್ಟರಿ ತೆಗೆದು ನೋಡಿ. ಹತ್ತು ದಿನದ ಸಂಖ್ಯೆಗಳು ಹತ್ತು ದಿನ ಸೇರಿದವೋ, ಒಂದೇ ರಾತ್ರಿ ಸೇರಿದವೋ ಅಲ್ಲಿ ತಾಸು, ನಿಮಿಷದ ಸಮೇತ ಸಿಗುತ್ತದೆ.